ಮೈಗೂ ಹಕ್ಕಿದೆ, ಮನೆಗೂ ಹಕ್ಕಿದೆ

ಫಜ್ರ್ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುವವರಲ್ಲಿ ಈಗ ಹೊಸ ಬಗೆಯ ಕೆಲವರು ಕಾಣಸಿಗುತ್ತಾರೆ. ಟೊಪ್ಪಿ ಮಡಚಿ ಕಿಸೆಗೆ ಹಾಕಿ, ಹೆಲ್ಮೆಟ್ ಬಿಗಿದು, ಸೈಕಲ್ ಹತ್ತಿ ಹೆದ್ದಾರಿಯತ್ತ ಹೊರಡುತ್ತಾರೆ. ಕೆಲವರು ಓಡುತ್ತಾರೆ. ವಾರಕ್ಕೆರಡು ಸಲ ಈಜುಕೊಳಕ್ಕೆ ಹೋಗುವವರೂ ಇದ್ದಾರೆ. ಇವರು ವೃತ್ತಿಪರ ಕ್ರೀಡಾಪಟುಗಳಲ್ಲ. ಅಂಗಡಿ ನಡೆಸುವವರು, ಶಿಕ್ಷಕರು, ಇಂಜಿನಿಯರುಗಳು, ಗಲ್ಫಿನಿಂದ ಊರಿಗೆ ಮರಳಿದವರು. ಹೆಚ್ಚಿನವರಿಗೆ ಮೂವತ್ತೈದು ದಾಟಿದೆ. ಸಕ್ಕರೆಯ ಅಂಶ ಸ್ವಲ್ಪ ಏರಿದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ ನಡಿಗೆ ಶುರು ಮಾಡಿ, ನಡಿಗೆಯಿಂದ ಓಟಕ್ಕೆ, ಓಟದಿಂದ ಟ್ರಯಥ್ಲಾನ್‌ಗೆ ಬಂದವರು ಹಲವರು.

ಇವರನ್ನು ಕಂಡು ನಮ್ಮ ಸಮುದಾಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಬೇರೆ ಕೆಲಸ ಇಲ್ಲವೇ?' ಎಂಬುದು ಒಂದು. 'ಎಂಥ ಛಲ! ಕಾಲು ನೋವಿದ್ದರೂ ಬಿಡದೆ ಓಡಿ ಮುಗಿಸಿದ!' ಎಂಬ ಹೊಗಳಿಕೆ ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಮೊದಲನೆಯ ಮಾತಿಗಿಂತ ಎರಡನೆಯದೇ ಹೆಚ್ಚು ಅಪಾಯಕಾರಿ. ವ್ಯಾಯಾಮ ಮಾಡುವವನನ್ನು ಗೇಲಿ ಮಾಡಿದರೆ ಅವನು ಅದನ್ನು ಕಿವಿಗೆ ಹಾಕಿಕೊಳ್ಳದೆ ಮುಂದೆ ಹೋಗಬಹುದು. ನೋವು ನುಂಗಿ ಓಡಿದ್ದನ್ನೇ ಶೌರ್ಯವೆಂದು ಹೊಗಳಿದರೆ ಮುಂದಿನ ಸಲ ಅವನು ಇನ್ನೂ ದೊಡ್ಡ ನೋವನ್ನು ನುಂಗುತ್ತಾನೆ.

ಮೂರು ಆಟಗಳ ಒಂದು ಸ್ಪರ್ಧೆ

ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ನಡುವೆ ಬಿಡುವಿಲ್ಲದೆ ಒಂದರ ನಂತರ ಒಂದಾಗಿ ಮುಗಿಸುವ ಸ್ಪರ್ಧೆಯೇ ಟ್ರಯಥ್ಲಾನ್. ಇಂದಿನ ರೂಪದಲ್ಲಿ ಇದು ಶುರುವಾದದ್ದು 1974ರಲ್ಲಿ, ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ. 1978ರಲ್ಲಿ ಹವಾಯಿ ದ್ವೀಪದಲ್ಲಿ ಮೊದಲ 'ಐರನ್‌ಮ್ಯಾನ್' ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ 42.2 ಕಿಲೋಮೀಟರ್ ಓಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಸೇರ್ಪಡೆಯಾಯಿತು. ಅಲ್ಲಿ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಅದರ ಅರ್ಧದಷ್ಟು ದೂರದ 'ಸ್ಪ್ರಿಂಟ್' ಸ್ಪರ್ಧೆಯೂ ಇದೆ. ಹೊಸಬರಿಗೆ ಅದೇ ಸರಿಯಾದ ಮೆಟ್ಟಿಲು.

ನಮ್ಮ ಕರಾವಳಿಯವರಿಗೆ ಇದು ಹತ್ತಿರದ ವಿಷಯವಾದದ್ದು 2019ರಲ್ಲಿ. ಆ ವರ್ಷ ಗೋವಾದ ಮಿರಾಮಾರ್ ಕಡಲ ತೀರದಲ್ಲಿ ಅರ್ಧ ಐರನ್‌ಮ್ಯಾನ್ ಸ್ಪರ್ಧೆ ಶುರುವಾಯಿತು. 1.9 ಕಿಲೋಮೀಟರ್ ಸಮುದ್ರದ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ತಲಪಬಹುದಾದ ಊರಿನಲ್ಲೇ ಸ್ಪರ್ಧೆ ಬಂದ ಮೇಲೆ ಆಸೆ ಹುಟ್ಟುವುದು ಸಹಜ. ಅದಕ್ಕೆ ಮೊದಲೇ, 2015ರಲ್ಲಿ, ನಟ ಮಿಲಿಂದ್ ಸೋಮನ್ ಐವತ್ತರ ಹೊಸ್ತಿಲಲ್ಲಿ ಸ್ವಿಟ್ಸರ್ಲೆಂಡಿನ ಝ್ಯೂರಿಕ್‌ನಲ್ಲಿ ಪೂರ್ಣ ಐರನ್‌ಮ್ಯಾನ್ ಮುಗಿಸಿದ ಸುದ್ದಿ ನಡುವಯಸ್ಸಿನ ಅನೇಕರಿಗೆ ಹುಮ್ಮಸ್ಸು ಕೊಟ್ಟಿತ್ತು.

ಈ ಹುಮ್ಮಸ್ಸು ಒಳ್ಳೆಯದೇ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ವ್ಯಾಯಾಮ ಅಥವಾ 75ರಿಂದ 150 ನಿಮಿಷ ಬಿರುಸಿನ ವ್ಯಾಯಾಮ ಮಾಡಬೇಕು, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ನಡೆಯುತ್ತಿದೆ? ಮದುವೆಯ ಬಿರಿಯಾನಿ, ಸಂಜೆಯ ಸಮೋಸ, ದಿನಕ್ಕೆ ಐದಾರು ಸಕ್ಕರೆ ಚಹಾ, ಎರಡು ಹೆಜ್ಜೆಗೂ ಸ್ಕೂಟರ್. ಇದರ ನಡುವೆ ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಬೆವರು ಸುರಿಸುತ್ತಾನೆಂದರೆ ಅವನನ್ನು ತಡೆಯಬೇಕಾದ ಕಾರಣವಿಲ್ಲ. ಆದರೆ ಅವನು ಒಂದು ಲೆಕ್ಕವನ್ನು ಸರಿಯಾಗಿ ಇಡಬೇಕು.

ಹಕ್ಕುಗಳ ಲೆಕ್ಕ

ಹ. ಸಲ್ಮಾನ್ ಫಾರಿಸಿ(ರ) ಮತ್ತು ಹ. ಅಬೂದರ್ದಾ(ರ) ಅವರ ಘಟನೆ ನಮಗೆಲ್ಲ ಗೊತ್ತಿರುವಂಥದ್ದು. ಪ್ರವಾದಿವರ್ಯರು(ಸ) ಇವರಿಬ್ಬರ ನಡುವೆ ಸಹೋದರತ್ವ ಏರ್ಪಡಿಸಿದ್ದರು. ಒಮ್ಮೆ ಸಲ್ಮಾನ್(ರ) ಗೆಳೆಯನ ಮನೆಗೆ ಬಂದಾಗ ಅವರ ಪತ್ನಿ ಮಾಸಿದ ಬಟ್ಟೆಯಲ್ಲಿದ್ದರು. ವಿಚಾರಿಸಿದಾಗ, ಅಬೂದರ್ದಾರಿಗೆ ಇಹಲೋಕದ ಯಾವ ಅಗತ್ಯವೂ ಉಳಿದಿಲ್ಲ ಎಂಬ ಉತ್ತರ ಬಂತು. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್. ಸಲ್ಮಾನ್(ರ) ಒತ್ತಾಯಿಸಿ ಅವರನ್ನು ಊಟಕ್ಕೆ ಕೂರಿಸಿದರು, ರಾತ್ರಿ ಮಲಗಿಸಿದರು, ಕೊನೆಯ ಜಾವದಲ್ಲಿ ಇಬ್ಬರೂ ಎದ್ದು ನಮಾಝ್ ಮಾಡಿದರು. ನಿನ್ನ ಪ್ರಭುವಿಗೂ, ನಿನ್ನ ಶರೀರಕ್ಕೂ, ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನೂ ಕೊಡು ಎಂದು ತಿಳಿಹೇಳಿದರು. ವಿಷಯ ಪ್ರವಾದಿವರ್ಯರ(ಸ) ಬಳಿಗೆ ಹೋದಾಗ ಅವರು ಸಲ್ಮಾನರ ಮಾತು ಸತ್ಯವೆಂದರು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸಲ್ಮಾನರಿಗೆ ಮೊದಲು ಕಂಡದ್ದು ಮನೆಯೊಡತಿಯ ಸ್ಥಿತಿ. ಒಬ್ಬ ಗಂಡಸು ಅತಿಗೆ ಹೋಗಿದ್ದಾನೆ ಎಂಬುದರ ಮೊದಲ ಗುರುತು ಅವನ ಹೆಂಡತಿಯ ಮುಖದಲ್ಲಿ ಕಾಣುತ್ತದೆ. ಆರಾಧನೆಯ ವಿಷಯದಲ್ಲೇ ಇಷ್ಟು ಎಚ್ಚರಿಕೆ ಇರುವಾಗ, ಸೈಕಲ್ ಮತ್ತು ಓಟದ ವಿಷಯದಲ್ಲಿ ಎಷ್ಟಿರಬೇಡ!

ವಾರಕ್ಕೆ 168 ಗಂಟೆ. ದಿನಕ್ಕೆ ಏಳು ತಾಸು ನಿದ್ರೆ ಎಂದರೆ 49 ಗಂಟೆ. ಅಂಗಡಿ ಅಥವಾ ಉದ್ಯೋಗಕ್ಕೆ, ಹೋಗಿಬರುವುದೂ ಸೇರಿ, 60 ಗಂಟೆ. ಐದು ಹೊತ್ತಿನ ನಮಾಝ್‌ಗೆ, ವುಝೂ ಮತ್ತು ಮಸೀದಿಯ ದಾರಿಯೂ ಸೇರಿ, 10 ಗಂಟೆ ಎಂದಿಟ್ಟುಕೊಳ್ಳಿ. ತರಬೇತಿಗೆ 8 ಗಂಟೆ. ಉಳಿಯುವುದು 41 ಗಂಟೆ. ಊಟ, ಸ್ನಾನ, ಮಕ್ಕಳ ಓದು, ಉಮ್ಮನ ಔಷಧಿ, ಮಾರುಕಟ್ಟೆ, ಮದುವೆ, ಮಯ್ಯತ್, ನೆಂಟರ ಭೇಟಿ, ಎಲ್ಲವೂ ಈ 41 ಗಂಟೆಯಲ್ಲೇ ಆಗಬೇಕು. ಸ್ಪರ್ಧೆ ಹತ್ತಿರ ಬಂತೆಂದು ತರಬೇತಿಯನ್ನು 14 ಗಂಟೆಗೆ ಏರಿಸಿದರೆ ಆ ಆರು ಗಂಟೆ ಎಲ್ಲಿಂದ ಬರುತ್ತದೆ? ಅಂಗಡಿಯಿಂದ ಬರುವುದಿಲ್ಲ. ಒಂದೋ ನಿದ್ರೆಯಿಂದ ಕಿತ್ತುಕೊಳ್ಳುತ್ತೇವೆ, ಇಲ್ಲವೇ ಮನೆಯಿಂದ. ನಿದ್ರೆಯಿಂದ ಕಿತ್ತುಕೊಂಡರೆ ಮೈ ಕೆಡುತ್ತದೆ, ಮನೆಯಿಂದ ಕಿತ್ತುಕೊಂಡರೆ ಮನಸ್ಸುಗಳು ಕೆಡುತ್ತವೆ.

ಭಾನುವಾರ ಬೆಳಿಗ್ಗೆ ಗಂಡ ನಾಲ್ಕು ಗಂಟೆ ಸೈಕಲ್ ತುಳಿದು ಬರುತ್ತಾನೆ. ಆ ನಾಲ್ಕು ಗಂಟೆ ಮಕ್ಕಳನ್ನು ಎಬ್ಬಿಸಿ, ತಿಂಡಿ ಮಾಡಿ, ಮದ್ರಸಕ್ಕೆ ಕಳಿಸಿ, ಅತ್ತೆ ಮಾವಂದಿರನ್ನು ನೋಡಿಕೊಂಡವಳು ಹೆಂಡತಿ. ಬಂದವನಿಗೆ ಬೇಯಿಸಿದ ಮೊಟ್ಟೆ, ಒಗೆದ ಬಟ್ಟೆ, ಮಧ್ಯಾಹ್ನದ ನಿದ್ರೆ. ಸ್ಪರ್ಧೆಯ ಪದಕದಲ್ಲಿ ಮಾತ್ರ ಅವಳ ಹೆಸರಿಲ್ಲ. ಆದ್ದರಿಂದ ಹೆಸರು ನೋಂದಾಯಿಸುವ ಮೊದಲು ಮನೆಯಲ್ಲಿ ಕುಳಿತು ಮಾತಾಡಬೇಕು. ಯಾವ ದಿನ, ಎಷ್ಟು ಹೊತ್ತು, ಎಷ್ಟು ತಿಂಗಳು, ಎಷ್ಟು ಖರ್ಚು ಎಂಬುದು ಇಬ್ಬರಿಗೂ ತಿಳಿದಿರಬೇಕು. ನಿನಗೆ ನಾಲ್ಕು ಗಂಟೆ ಸಿಕ್ಕಿದರೆ ಅವಳಿಗೂ ಅವಳದೇ ಆದ ಹೊತ್ತು ಸಿಗಬೇಕು. ಸ್ಪ್ರಿಂಟ್ ಅಥವಾ ಒಲಿಂಪಿಕ್ ದೂರಕ್ಕೆ ವಾರದಲ್ಲಿ ಆರರಿಂದ ಎಂಟು ಗಂಟೆಯ ತರಬೇತಿ ಸಾಕಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಅಷ್ಟಕ್ಕೇ ತೃಪ್ತರಾಗುವುದು ಲೇಸು. ಪೂರ್ಣ ಐರನ್‌ಮ್ಯಾನ್ ಎಲ್ಲಿಗೂ ಓಡಿಹೋಗುವುದಿಲ್ಲ, ಮಕ್ಕಳ ಬಾಲ್ಯ ಓಡಿಹೋಗುತ್ತದೆ.

ಖರ್ಚಿನ ಬಗ್ಗೆಯೂ ಒಂದು ಮಾತು. ಬಡ್ಡಿಯ ಕಂತಿನಲ್ಲಿ ದುಬಾರಿ ಸೈಕಲ್ ತರುವ ಅಗತ್ಯ ಯಾವ ಹವ್ಯಾಸಿಗೂ ಇಲ್ಲ. ಸುಸ್ಥಿತಿಯಲ್ಲಿರುವ ಸಾಮಾನ್ಯ ರೋಡ್ ಸೈಕಲ್, ತಲೆಗೆ ಸರಿಹೊಂದುವ ಹೆಲ್ಮೆಟ್, ಕಾಲಿಗೆ ಹಿತವಾದ ಶೂ, ಒಂದು ಕನ್ನಡಕ, ಇಷ್ಟರಿಂದ ಶುರು ಮಾಡಬಹುದು.

ಗಾಯ ಯಾಕೆ ಆಗುತ್ತದೆ?

ಹವ್ಯಾಸಿಗಳನ್ನು ಕಾಡುವ ಹೆಚ್ಚಿನ ಗಾಯಗಳು ಬಿದ್ದು ಆಗುವಂಥವಲ್ಲ. ಮೆಲ್ಲಮೆಲ್ಲನೆ ಸವೆದು ಆಗುವಂಥವು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿನ ನೋವು, ಅಂಗಾಲಿನ ನೋವು, ಮಂಡಿ ಚಿಪ್ಪಿನ ಸುತ್ತ ನೋವು, ಮುಂಗಾಲಿನ ಎಲುಬಿನ ನೋವು, ಈಜುವವರಿಗೆ ಭುಜದ ನೋವು.

ಇದರ ಹಿಂದಿನ ಕಾರಣ ಸರಳ. ವ್ಯಾಯಾಮ ಶುರು ಮಾಡಿದ ಕೆಲವೇ ವಾರಗಳಲ್ಲಿ ಹೃದಯ ಮತ್ತು ಶ್ವಾಸಕೋಶ ಚುರುಕಾಗುತ್ತವೆ. ಏದುಸಿರು ಕಡಿಮೆಯಾಗುತ್ತದೆ. 'ಇನ್ನೂ ಓಡಬಲ್ಲೆ' ಎನಿಸುತ್ತದೆ. ಆದರೆ ಸ್ನಾಯುರಜ್ಜುಗಳಿಗೆ ರಕ್ತ ಸಂಚಾರ ಕಡಿಮೆ, ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎಲುಬಿನ ಕಥೆಯೂ ಹಾಗೆಯೇ. ಹೊಸ ಭಾರ ಬಿದ್ದಾಗ ಎಲುಬು ಮೊದಲು ಹಳೆಯ ಭಾಗವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ದುರಸ್ತಿ ಮುಗಿಯಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ನಡುವಿನ ಹೊತ್ತಿನಲ್ಲಿ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ಆಗಲೇ ಓಟದ ದೂರ ಏರಿಸಿದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಬೀಳುತ್ತದೆ. ಉಸಿರು 'ಹೋಗು' ಎನ್ನುವಾಗ ಎಲುಬು 'ನಿಲ್ಲು' ಎನ್ನುತ್ತಿರುತ್ತದೆ. ನಾವು ಉಸಿರಿನ ಮಾತನ್ನು ಮಾತ್ರ ಕೇಳುತ್ತೇವೆ.

ನಿದ್ರೆ ಕಡಿಮೆಯಾದರೆ, ಊಟ ಸಾಲದಿದ್ದರೆ, ಮನಸ್ಸಿನಲ್ಲಿ ವ್ಯಾಪಾರದ ಚಿಂತೆ ತುಂಬಿದ್ದರೆ ದುರಸ್ತಿಯ ಕೆಲಸ ಇನ್ನೂ ನಿಧಾನವಾಗುತ್ತದೆ. ಅಂಗಡಿಯಲ್ಲಿ ದಿನವಿಡೀ ನಿಂತವನ ಕಾಲು, ಸಂಜೆ ಓಡುವ ಮೊದಲೇ ಅರ್ಧ ಕೆಲಸ ಮಾಡಿರುತ್ತದೆ. ವೃತ್ತಿಪರ ಕ್ರೀಡಾಪಟು ತರಬೇತಿಯ ನಂತರ ಮಲಗುತ್ತಾನೆ. ನಾವು ಗೋಣಿ ಇಳಿಸಲು ಹೋಗುತ್ತೇವೆ. ಅವರ ತರಬೇತಿ ಪಟ್ಟಿಯನ್ನು ನಾವು ನಕಲು ಮಾಡಬಾರದು ಎನ್ನುವುದು ಇದಕ್ಕೇ.

ಫರ್ಝ್‌ನಲ್ಲೇ ರಿಯಾಯಿತಿ ಇರುವಾಗ

ನಾನು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ರಮಝಾನ್ ಉಪವಾಸ ಕಡ್ಡಾಯ ಆರಾಧನೆ. ಆದರೂ ರೋಗಿಗೂ ಪ್ರಯಾಣಿಕನಿಗೂ ಅದನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ಅವಕಾಶವನ್ನು ಕುರ್‌ಆನ್ ಕೊಟ್ಟಿದೆ. ನಿಂತು ನಮಾಝ್ ಮಾಡಲಾಗದವನು ಕುಳಿತು ಮಾಡಬಹುದು, ಅದೂ ಆಗದಿದ್ದರೆ ಮಲಗಿ ಮಾಡಬಹುದು. ನೀರು ತಾಗಿದರೆ ಗಾಯ ಉಲ್ಬಣಿಸುವುದಾದರೆ ತಯಮ್ಮುಮ್ ಇದೆ. ಒಡೆಯನಾದ ಅಲ್ಲಾಹನು ತಾನೇ ಕಡ್ಡಾಯಗೊಳಿಸಿದ ಕರ್ಮಗಳಲ್ಲಿ ರೋಗಿಗೆ ಇಷ್ಟು ವಿನಾಯಿತಿ ಕೊಟ್ಟಿದ್ದಾನೆ. ಹಾಗಿರುವಾಗ ನಾವೇ ಹಣ ಕಟ್ಟಿ, ನಾವೇ ಹೆಸರು ಬರೆಸಿಕೊಂಡ ಒಂದು ಸ್ಪರ್ಧೆಯಲ್ಲಿ ನಮ್ಮ ಮೈಗೆ ನಾವೇ ವಿನಾಯಿತಿ ಕೊಡದಿದ್ದರೆ ಅದನ್ನು ಛಲ ಎನ್ನಬೇಕೇ, ಹಟ ಎನ್ನಬೇಕೇ?

ಹದೀಸ್ ಗ್ರಂಥಗಳಲ್ಲಿ ಬರುವ ಇನ್ನೊಂದು ಘಟನೆ ನೆನಪಾಗುತ್ತದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಸಾಕೇ ಎಂದು ಜೊತೆಗಾರರನ್ನು ಕೇಳಿದರು. ಸಾಲದು ಎಂದರು ಅವರು. ಆ ವ್ಯಕ್ತಿ ಸ್ನಾನ ಮಾಡಿ ತೀರಿಹೋದರು. ಸುದ್ದಿ ಕೇಳಿ ಪ್ರವಾದಿವರ್ಯರು(ಸ) ಬಹಳ ನೊಂದರು. ಗೊತ್ತಿಲ್ಲದಿದ್ದರೆ ಬಲ್ಲವರನ್ನು ಕೇಳಬೇಕಿತ್ತು ಎಂಬುದು ಅವರು ಕಲಿಸಿದ ಪಾಠ. ಇಂದು ಓಟಗಾರರ ಗುಂಪುಗಳಲ್ಲಿ ನಡೆಯುವುದೂ ಇಂಥದ್ದೇ. ಕಾಲು ನೋಯುವವನು ಜೊತೆಗಾರರನ್ನು ಕೇಳುತ್ತಾನೆ. 'ಏನಾಗಲ್ಲ, ಓಡು' ಎನ್ನುತ್ತಾರೆ. ಕೇಳಬೇಕಾದದ್ದು ಮೂಳೆ ತಜ್ಞರನ್ನು ಅಥವಾ ಫಿಸಿಯೋಥೆರಪಿಸ್ಟರನ್ನು.

ನೋವಿನ ಭಾಷೆ

ಎಲ್ಲ ನೋವೂ ಅಪಾಯವಲ್ಲ. ಹೊಸ ವ್ಯಾಯಾಮದ ಮರುದಿನ ಎರಡೂ ತೊಡೆಗಳು ಒಂದೇ ರೀತಿ ಬಿಗಿದು ನೋಯುವುದು ಸಾಮಾನ್ಯ, ಎರಡು ಮೂರು ದಿನಗಳಲ್ಲಿ ಹೋಗುತ್ತದೆ. ಸ್ನಾಯುರಜ್ಜುವಿನ ನೋವಿನಲ್ಲಿ ಫಿಸಿಯೋಥೆರಪಿಸ್ಟರು ಒಂದು ಸುಲಭ ಅಳತೆ ಹೇಳುತ್ತಾರೆ. ಹತ್ತರಲ್ಲಿ ಮೂರರೊಳಗಿನ ನೋವು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಇಳಿದುಹೋಗುವುದಾದರೆ, ಹಗುರ ವ್ಯಾಯಾಮ ಮುಂದುವರಿಸಬಹುದು. ಬೆಳಿಗ್ಗೆ ನಮಾಝ್‌ಗೆ ಎದ್ದಾಗ ಮೊದಲ ಹೆಜ್ಜೆಗಳು ನಿನ್ನೆಗಿಂತ ಹೆಚ್ಚು ನೋಯುತ್ತಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತು ಎಂದರ್ಥ.

ಈ ಕೆಳಗಿನವು ಕಂಡರೆ ಓಟ ನಿಲ್ಲಿಸಿ ವೈದ್ಯರಲ್ಲಿ ಹೋಗಬೇಕು: ಎಲುಬಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು, ಮಲಗಿದಾಗಲೂ ಕಾಡುವ ನೋವು, ಕುಂಟುವಂತೆ ಮಾಡುವ ನೋವು, ಕೀಲಿನಲ್ಲಿ ಊತ. ಎಲುಬಿನ ಸಣ್ಣ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. 'ಎಕ್ಸ್‌ರೇ ಸರಿಯಿದೆ' ಎಂದ ಮಾತ್ರಕ್ಕೆ ಓಡಲು ಹೊರಡಬಾರದು. ಅಗತ್ಯ ಬಿದ್ದರೆ ವೈದ್ಯರು ಎಂಆರ್‌ಐ ಮಾಡಿಸುತ್ತಾರೆ.

ಓಡುವಾಗ ಎದೆ ಬಿಗಿತ, ಕಣ್ಣು ಕತ್ತಲೆ ಬರುವುದು, ಪ್ರಜ್ಞೆ ತಪ್ಪುವುದು, ಎದೆ ಬಡಿತ ಹಿಡಿತ ತಪ್ಪಿದಂತಾಗುವುದು, ಇವು ಕಾಯಬಾರದ ಲಕ್ಷಣಗಳು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟಿನ ಅಭ್ಯಾಸ ಇದ್ದವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರಿದ್ದರೆ ಅವರು, ತರಬೇತಿಗೆ ಮೊದಲೇ ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕು.

ನಮ್ಮಲ್ಲಿ ಮೆಡಿಕಲ್ ಶಾಪಿನಿಂದ ತಾವೇ ನೋವಿನ ಮಾತ್ರೆ ತಂದು ನುಂಗುವವರು ಬಹಳ. ಸ್ಪರ್ಧೆಯ ದಿನ ಬೆಳಿಗ್ಗೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ನುಂಗಿ ಹೊರಡುವುದು ಎರಡು ರೀತಿಯಲ್ಲಿ ಕೆಡುಕು. ಬೆವರಿ ಮೈಯ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತವೂ ಕಡಿಮೆಯಾಗಿರುತ್ತದೆ. ಈ ಮಾತ್ರೆಗಳು ಅದನ್ನು ಇನ್ನೂ ಕಡಿಮೆ ಮಾಡುತ್ತವೆ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಭಯವೂ ಇದೆ. ಇನ್ನೊಂದು, ನೋವು ಎಂಬ ಕಾವಲುಗಾರನನ್ನು ಮಲಗಿಸಿದರೆ ಕಳ್ಳ ಒಳಗೆ ಬಂದದ್ದು ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಲೇಬಾರದು.

ಗಾಯವಾದರೆ ಮನೆಯ ಮೂಲೆ ಸೇರಬೇಕಾಗಿಲ್ಲ. ಟ್ರಯಥ್ಲಾನ್‌ನ ಒಳ್ಳೆಯ ಗುಣವೇ ಅದು. ಕಾಲು ನೋಯುವವನು ಈಜಬಹುದು, ಭುಜ ನೋಯುವವನು ಸೈಕಲ್ ತುಳಿಯಬಹುದು. ಹಿಮ್ಮಡಿ ನೋವಿಗೆ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ಮಂಡಿ ನೋವಿಗೆ ತೊಡೆ ಮತ್ತು ಸೊಂಟಕ್ಕೆ ಬಲ ಕೊಡುವ ವ್ಯಾಯಾಮ, ಇವನ್ನು ಮೂರು ತಿಂಗಳು ಬಿಡದೆ ಮಾಡಿದರೆ ಹೆಚ್ಚಿನವರಿಗೆ ಗುಣ ಕಾಣುತ್ತದೆ. ಸ್ಪರ್ಧೆ ತಪ್ಪಿಹೋದರೆ ಕಟ್ಟಿದ ಹಣ ನಷ್ಟವಾಗುತ್ತದೆ ನಿಜ. ಬಿರುಕು ಬಿಟ್ಟ ಎಲುಬಿನ ಮೇಲೆ ಓಡಿದರೆ ಆಗುವ ನಷ್ಟವನ್ನು ಮನೆಯವರೆಲ್ಲ ಕಟ್ಟಬೇಕಾಗುತ್ತದೆ.

ನಮಾಝ್, ರಮಝಾನ್ ಮತ್ತು ತರಬೇತಿ

ಸಮಯ ಹೊಂದಿಸುವುದರಲ್ಲಿ ನಮಾಝ್ ಅಡ್ಡಿಯಲ್ಲ, ಅದೇ ಗಡಿಯಾರ. ಫಜ್ರ್‌ಗೆ ಎದ್ದವನಿಗೆ ದಿನದ ಅತ್ಯಂತ ತಂಪಾದ ಹೊತ್ತು ತಾನಾಗಿ ಸಿಗುತ್ತದೆ. ಇಶಾ ಮುಗಿಸಿ ಬೇಗ ಮಲಗಿದರೆ ನಿದ್ರೆಯೂ ಸಾಕಾಗುತ್ತದೆ. ಮೊಬೈಲ್ ಹಿಡಿದು ಹನ್ನೆರಡು ಗಂಟೆವರೆಗೆ ಕೂರುವವನಿಗೆ ಎರಡೂ ಸಿಗುವುದಿಲ್ಲ. ಶುಕ್ರವಾರವನ್ನು ವಿಶ್ರಾಂತಿಯ ದಿನವನ್ನಾಗಿ ಇಟ್ಟುಕೊಂಡರೆ ಜುಮುಅಃಕ್ಕೂ ಮನೆಗೂ ಮೈಗೂ ಅನುಕೂಲ. ಸ್ಪರ್ಧೆಯ ದಿನ ಝುಹ್ರ್‌ನ ಸಮಯ ಓಟದ ನಡುವೆಯೇ ಬರಬಹುದು. ಪ್ರಯಾಣಿಕನ ನಮಾಝ್‌ನ ನಿಯಮಗಳನ್ನು ಮೊದಲೇ ಉಸ್ತಾದರಲ್ಲಿ ಕೇಳಿ ತಿಳಿದಿರಬೇಕು. ಮೈಗಂಟುವ ಸ್ಪರ್ಧೆಯ ಉಡುಪಿನ ಮೇಲೆ ಮಂಡಿ ಮುಚ್ಚುವ ಸಡಿಲ ಚಡ್ಡಿ ಧರಿಸಿದರೆ ಪುರುಷರ ಔರತ್‌ನ ವಿಷಯವೂ ಬಗೆಹರಿಯುತ್ತದೆ.

ರಮಝಾನಿನಲ್ಲಿ ತರಬೇತಿ ಹೆಚ್ಚಿಸುವ ಮಾತೇ ಬೇಡ. ಇದ್ದ ಶಕ್ತಿ ಉಳಿಸಿಕೊಂಡರೆ ಸಾಕು. 2012ರ ಲಂಡನ್ ಒಲಿಂಪಿಕ್ಸ್ ರಮಝಾನ್ ತಿಂಗಳಲ್ಲೇ ನಡೆದಿತ್ತು. ಜಗತ್ತಿನ ದೊಡ್ಡ ಕ್ರೀಡಾಪಟುಗಳೇ ಆಗ ತಮ್ಮ ದಿನಚರಿಯನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕಾಯಿತು. ಇಫ್ತಾರ್‌ಗೆ ಮುಂಚಿನ ಅರ್ಧ ಗಂಟೆ ಹಗುರ ನಡಿಗೆ, ಅಥವಾ ತರಾವೀಹ್ ನಂತರ ಅರ್ಧ ಮುಕ್ಕಾಲು ಗಂಟೆ ಹಗುರ ವ್ಯಾಯಾಮ ಸಾಕು. ಬಿಸಿಲಲ್ಲಿ ಉಪವಾಸದಿಂದ ದೂರ ಓಡುವುದು ಬೇಡ. ಇಫ್ತಾರ್‌ನಿಂದ ಸಹರಿಯವರೆಗೆ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಮತ್ತು ವ್ಯಾಯಾಮ ಮೂರನ್ನೂ ರಮಝಾನ್ ಶುರುವಾಗುವ ಮೊದಲೇ ವೈದ್ಯರೊಡನೆ ಮಾತಾಡಿ ನಿಶ್ಚಯಿಸಿಕೊಳ್ಳಬೇಕು.

ಶುಚಿತ್ವದ ಸಣ್ಣ ಮಾತುಗಳು

ದೊಡ್ಡ ಗಾಯಗಳ ಬಗ್ಗೆ ಮಾತಾಡುವವರು ಸಣ್ಣ ಸೋಂಕುಗಳನ್ನು ಮರೆಯುತ್ತಾರೆ. ವುಝೂ ಮಾಡಿದ ಒದ್ದೆ ಕಾಲನ್ನು ಹಾಗೆಯೇ ಸಾಕ್ಸ್‌ಗೆ ತುರುಕಿದರೆ ಬೆರಳ ಸಂದುಗಳಲ್ಲಿ ಶಿಲೀಂಧ್ರದ ಸೋಂಕು ಖಂಡಿತ. ಬೆರಳ ನಡುವೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಸಾಕ್ಸ್ ಹಾಕಬೇಕು. ಸಕ್ಕರೆ ಕಾಯಿಲೆ ಇರುವವರು ಪ್ರತಿದಿನ ಅಂಗಾಲು ನೋಡಿಕೊಳ್ಳಬೇಕು, ಒಂದು ಸಣ್ಣ ಗುಳ್ಳೆಯೂ ಅವರಿಗೆ ದೊಡ್ಡದಾಗಬಹುದು.

ಸೈಕಲ್ ಚಡ್ಡಿಯನ್ನು ಪ್ರತಿ ಸವಾರಿಯ ನಂತರ ಒಗೆಯಬೇಕು. ಮನೆಗೆ ಬಂದ ಕೂಡಲೇ ಬೆವರಿನ ಬಟ್ಟೆ ಬದಲಿಸಿ ಸ್ನಾನ ಮಾಡಿದರೆ ತೊಡೆ ಸಂದಿನ ಹುಣ್ಣು, ತುರಿಕೆ ದೂರವಿರುತ್ತವೆ. ಈಜುಕೊಳಕ್ಕೆ ಇಳಿಯುವ ಮೊದಲು ಸ್ನಾನ ಮಾಡುವುದು ಇತರರ ಹಕ್ಕು. ಕಣ್ಣು ಉರಿಸುವ ವಾಸನೆ ಬರೀ ಕ್ಲೋರಿನ್‌ನದ್ದಲ್ಲ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿದಾಗ ಹುಟ್ಟುವಂಥದ್ದು. ಈಜಿದ ಮೇಲೆ ತಲೆ ವಾಲಿಸಿ ಕಿವಿಯ ನೀರು ಇಳಿಸಬೇಕು. ಕಡ್ಡಿ, ಹತ್ತಿ ತುರುಕಬಾರದು.

ಮಳೆಗಾಲದಲ್ಲಿ ಕರಾವಳಿಯ ಕಡಲಿಗೆ ಇಳಿಯುವುದು ಆತ್ಮಹತ್ಯೆಗೆ ಸಮಾನ. ನೆರೆ ನೀರು, ಕೆರೆ, ಗದ್ದೆ ನೀರಿನಲ್ಲಿ ಇಲಿಜ್ವರದ ಭಯವೂ ಇದೆ. ಮೈಮೇಲೆ ತೆರೆದ ಗಾಯವಿದ್ದರೆ ಅಂಥ ನೀರಿಗೆ ಇಳಿಯಬಾರದು. ಇಳಿದ ಮೇಲೆ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರಿಗೆ ನೀರಿಗಿಳಿದ ವಿಷಯ ತಿಳಿಸಬೇಕು. ಟ್ರಯಥ್ಲಾನ್‌ಗಳಲ್ಲಿ ಸಂಭವಿಸುವ ಸಾವುಗಳಲ್ಲಿ ಹೆಚ್ಚಿನವು ಈಜಿನ ಹಂತದಲ್ಲೇ ಆಗುತ್ತವೆ. ಆದ್ದರಿಂದ ಎಷ್ಟೇ ಚೆನ್ನಾಗಿ ಈಜು ಬರಲಿ, ತೆರೆದ ನೀರಿನಲ್ಲಿ ಒಬ್ಬರೇ ಈಜಬಾರದು.

ನಮ್ಮ ಹೆಣ್ಣುಮಕ್ಕಳ ಪಾಲು

ಮನೆಯ ಹಕ್ಕಿನ ಬಗ್ಗೆ ಮಾತಾಡುವಾಗ ಇನ್ನೊಂದು ವಿಷಯ ಬಿಟ್ಟರೆ ಮಾತು ಅರ್ಧವಾಗುತ್ತದೆ. ಗಂಡಸು ಓಡಲು ಹೊರಟರೆ 'ಆರೋಗ್ಯದ ಕಾಳಜಿ' ಎನ್ನುತ್ತೇವೆ. ಹೆಣ್ಣು ಹೊರಟರೆ 'ಜನ ಏನೆನ್ನುತ್ತಾರೆ' ಎನ್ನುತ್ತೇವೆ. ಸಕ್ಕರೆ ಕಾಯಿಲೆ, ಮಂಡಿ ನೋವು, ಬೊಜ್ಜು ಮಾತ್ರ ಹೆಣ್ಣು ಗಂಡು ನೋಡದೆ ಬರುತ್ತವೆ. ಪ್ರವಾದಿವರ್ಯರು(ಸ) ಹ. ಆಇಶಾ(ರ) ಅವರೊಡನೆ ಓಟದ ಪಂದ್ಯವಾಡಿದ್ದು, ಒಮ್ಮೆ ಆಇಶಾ(ರ) ಗೆದ್ದದ್ದು, ಮತ್ತೊಮ್ಮೆ ಪ್ರವಾದಿವರ್ಯರು(ಸ) ಗೆದ್ದು ಅದಕ್ಕಿದು ಸರಿಯಾಯಿತೆಂದು ನಗೆಯಾಡಿದ್ದು ಹದೀಸ್‌ನಲ್ಲಿದೆ. ಆ ಮನೆಯಲ್ಲಿ ಹೆಂಡತಿಯ ಓಟಕ್ಕೂ ಜಾಗವಿತ್ತು.

ಶಿರಿನ್ ಗೆರಾಮಿ 2013ರಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಟ್ರಯಥ್ಲಾನ್ ಚಾಂಪಿಯನ್‌ಶಿಪ್‌ನಲ್ಲಿ ಇರಾನ್ ಪರವಾಗಿ ಸ್ಪರ್ಧಿಸಿದ ಮೊದಲ ಮಹಿಳೆ. ತಲೆ, ಕೈ, ಕಾಲು ಮುಚ್ಚುವ ಉಡುಪಿನಲ್ಲೇ ಈಜಿ, ಸೈಕಲ್ ತುಳಿದು, ಓಡಿ ಮುಗಿಸಿದರು. 2016ರಲ್ಲಿ ಹವಾಯಿಯ ಐರನ್‌ಮ್ಯಾನ್ ವಿಶ್ವ ಸ್ಪರ್ಧೆಗೂ ಹೋದರು. ನಮ್ಮ ಹೆಣ್ಣುಮಕ್ಕಳೆಲ್ಲ ಹವಾಯಿಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಬಟ್ಟೆಯ ನೆಪ ಹೇಳಿ ಅವರನ್ನು ಮನೆಯಲ್ಲಿ ಕೂರಿಸುವುದು ಸರಿಯಲ್ಲ ಎನ್ನುತ್ತಿದ್ದೇನೆ.

ಮಹಿಳೆಯರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ವ್ಯಾಯಾಮ ಹೆಚ್ಚಿಸಿ ಊಟ ಕಡಿಮೆ ಮಾಡಿದರೆ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಇದನ್ನು ಅನುಕೂಲವೆಂದು ಭಾವಿಸಬಾರದು. ಮೈಗೆ ಸಾಕಷ್ಟು ಆಹಾರ ಸಿಗುತ್ತಿಲ್ಲ, ಎಲುಬು ಸವೆಯುತ್ತಿದೆ ಎಂಬ ಎಚ್ಚರಿಕೆಯದು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದಲೇ ಈ ಬಗ್ಗೆ ಎಚ್ಚರಿಸುತ್ತಿದೆ, ಗಂಡಸರಿಗೂ ಊಟ ಸಾಲದಿದ್ದರೆ ಇಂಥದ್ದೇ ತೊಂದರೆಗಳಾಗುತ್ತವೆ. ರಕ್ತಹೀನತೆ ಮತ್ತು ವಿಟಮಿನ್ ಡಿ ಕೊರತೆ ನಮ್ಮ ಮಹಿಳೆಯರಲ್ಲಿ ಸಾಮಾನ್ಯ. ಓಟ ಶುರು ಮಾಡುವವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಹೆರಿಗೆಯಾದವರು ವೈದ್ಯರು ಒಪ್ಪಿದ ಮೇಲೆ ನಡಿಗೆಯಿಂದಲೇ ಶುರು ಮಾಡಲಿ.

ಜಮಾಅತ್ ಕಮಿಟಿಗಳೂ ಸಮುದಾಯದ ಶಾಲೆಗಳೂ ಇಲ್ಲಿ ಮಾಡಬಹುದಾದ ಕೆಲಸವಿದೆ. ಶಾಲೆಯ ಮೈದಾನವನ್ನು ವಾರದಲ್ಲಿ ಮೂರು ದಿನ ಸಂಜೆ ಮಹಿಳೆಯರಿಗಾಗಿಯೇ ಬಿಟ್ಟುಕೊಡಬಹುದು. ಊರಿನ ಈಜುಕೊಳದವರೊಡನೆ ಮಾತಾಡಿ, ಮಹಿಳಾ ತರಬೇತುದಾರರೊಡನೆ ವಾರಕ್ಕೆ ಎರಡು ಗಂಟೆ ಮಹಿಳೆಯರಿಗೆ ಮೀಸಲಿಡುವಂತೆ ಕೇಳಬಹುದು. ನದಿ, ಕಡಲಿನ ಪಕ್ಕ ಬದುಕುವ ನಮ್ಮಲ್ಲಿ ಗಂಡು ಹೆಣ್ಣು ಎರಡೂ ಮಕ್ಕಳಿಗೆ ಈಜು ಕಲಿಸುವುದು ಪ್ರಾಣ ಉಳಿಸುವ ವಿದ್ಯೆ.

ಮನೆಯವರೆಲ್ಲ ಕುಳಿತು ನಿರ್ಧರಿಸಲಿ

ಟ್ರಯಥ್ಲಾನ್ ಮಾಡುವ ಸಹೋದರರಲ್ಲಿ ನನ್ನ ಬೇಡಿಕೆ ಮೂರು. ಮುಂದಿನ ಸ್ಪರ್ಧೆಗೆ ಹೆಸರು ಬರೆಸುವ ಮೊದಲು ಹೆಂಡತಿಯನ್ನು ಕೇಳಿ, ಅವಳು 'ಆಯ್ತು' ಎಂದ ಸ್ವರವನ್ನೂ ಗಮನಿಸಿ. ವಾರದಲ್ಲಿ ಒಂದು ತರಬೇತಿಯನ್ನಾದರೂ ಮನೆಯವರ ಜೊತೆ ಮಾಡಿ. ಮಕ್ಕಳು ಸೈಕಲ್ ತುಳಿಯಲಿ, ನೀವು ಪಕ್ಕದಲ್ಲಿ ಓಡಿ. ಮೈ ನಿಲ್ಲು ಎಂದ ದಿನ ನಿಲ್ಲಿ, ನಿಂತದ್ದನ್ನು ಗೆಳೆಯರ ಮುಂದೆ ನಾಚಿಕೆಯಿಲ್ಲದೆ ಹೇಳಿ. ಹೊಸಬರು ಅದನ್ನು ಕೇಳಿ ಕಲಿಯುತ್ತಾರೆ.

ಹೊಗಳುವವರಲ್ಲಿ ಒಂದು ಬೇಡಿಕೆ. ಕುಂಟುತ್ತಾ ಗುರಿ ಮುಟ್ಟಿದವನಿಗೆ ಚಪ್ಪಾಳೆ ತಟ್ಟುವ ನಾವು, ನೋವು ಕಂಡು ನಡುವೆಯೇ ನಿಲ್ಲಿಸಿ ಮನೆಗೆ ಬಂದವನನ್ನೂ 'ಒಳ್ಳೆಯ ಕೆಲಸ ಮಾಡಿದೆ' ಎಂದು ಬೆನ್ನು ತಟ್ಟೋಣ. ಅವನಿಗೆ ಮರುದಿನ ಅಂಗಡಿಯ ಬಾಗಿಲು ತೆರೆಯಲಿಕ್ಕಿದೆ, ಮಗಳನ್ನು ಶಾಲೆಗೆ ಬಿಡಲಿಕ್ಕಿದೆ, ಉಮ್ಮನನ್ನು ಕೈಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸಲಿಕ್ಕಿದೆ. ಇನ್ನೂ ಬಹಳ ವರ್ಷ ಸುಜೂದ್‌ಗೆ ಬಾಗಬೇಕಾದ ಮಂಡಿಗಳವು. ಅಲ್ಲಾಹನು ಕೊಟ್ಟ ಈ ಶರೀರವೆಂಬ ಅಮಾನತ್ತನ್ನು ಜೋಪಾನವಾಗಿ ಬಳಸುವ ತೌಫೀಕ್ ನಮಗೆಲ್ಲ ಸಿಗಲಿ.